ದುಡ್ಡು ಕೊಟ್ಟ ಗೇಮ್ ಹೊಸ ಕನ್ಸೋಲ್‌ನಲ್ಲಿ ಏಕೆ ತೆರೆಯುವುದಿಲ್ಲ?

ಗಲ್ಫ್ ನಂಟಿರುವ ಮಂಗಳೂರು, ಉಡುಪಿಯ ಮನೆಗಳಿಗೆ ವಿಡಿಯೊ ಗೇಮ್ ಕನ್ಸೋಲ್ ಹೊಸ ವಸ್ತುವೇನಲ್ಲ. ಇಲ್ಲಿನ ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದಕ್ಕೆ ಮೊದಲೇ ಅದು ದುಬೈ, ದೋಹಾಗಳಿಂದ ರಜೆಗೆ ಬಂದವರ ಸಾಮಾನಿನೊಂದಿಗೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿತ್ತು. ಆಗ ಗೇಮ್ ಎಂದರೆ ಡಿಸ್ಕ್. ಆಡಿ ಸಾಕಾದ ಮೇಲೆ ಅದನ್ನು ದಾಯಾದಿ ತಮ್ಮನಿಗೆ ಕೊಡಬಹುದಿತ್ತು, ಮಣಿಪಾಲದ ಹಾಸ್ಟೆಲಿನಲ್ಲಿ ಅರ್ಧ ಬೆಲೆಗೆ ಮಾರಬಹುದಿತ್ತು. ಈಗ ಹೆಚ್ಚಿನವರು ಗೇಮನ್ನು ಕಂಪನಿಯ ಆನ್‌ಲೈನ್ ಅಂಗಡಿಯಿಂದ ನೇರವಾಗಿ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಹೊಸ ದೊಡ್ಡ ಗೇಮಿನ ಬೆಲೆ ₹4,999ರ ಆಸುಪಾಸಿನಲ್ಲಿದ್ದು, ಡಿಸ್ಕ್ ಆದರೂ ಡೌನ್‌ಲೋಡ್ ಆದರೂ ಅದರಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ತಿಳಿಯುವುದು ಐದಾರು ವರ್ಷ ಕಳೆದು, ಹಳೆಯ ಕನ್ಸೋಲನ್ನು ವಿಲೇವಾರಿ ಮಾಡಿ ಹೊಸದನ್ನು ಟಿವಿಗೆ ಜೋಡಿಸಿದಾಗ. ಗೇಮಿನ ಚಿತ್ರದ ಮೇಲೆ ಬೀಗದ ಗುರುತು ಕಾಣಿಸುತ್ತದೆ, ಇಲ್ಲವೇ ಗೇಮೇ ಪಟ್ಟಿಯಲ್ಲಿ ಇರುವುದಿಲ್ಲ.

‘ಕೊಂಡ ಗೇಮ್ ಹೋಯಿತು’ ಎಂಬ ದೂರು ಎಲ್ಲರ ಬಾಯಲ್ಲೂ ಒಂದೇ ರೀತಿ ಕೇಳಿಸಿದರೂ ಅದರ ಹಿಂದಿನ ಕಾರಣಗಳು ಬೇರೆ ಬೇರೆ. ಕೆಲವು ಯಂತ್ರಕ್ಕೆ ಸಂಬಂಧಿಸಿದವು, ಕೆಲವು ಖಾತೆಗೆ, ಇನ್ನು ಕೆಲವು ಅಂಗಡಿಗೆ ಅಥವಾ ಒಪ್ಪಂದಕ್ಕೆ. ಇವುಗಳಲ್ಲಿ ಕಂಪನಿಯ ತಪ್ಪು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಬಿಡಿಸಿ ನೋಡದೆ ಸಿಟ್ಟಾಗುವುದರಿಂದ ಕಂಪನಿಗಳಿಗೇ ಅನುಕೂಲ, ಏಕೆಂದರೆ ಆಗ ಅವು ಎಲ್ಲದಕ್ಕೂ ತಾಂತ್ರಿಕ ಕಾರಣವೆಂಬ ಒಂದೇ ಉತ್ತರ ಕೊಟ್ಟು ಜಾರಿಕೊಳ್ಳುತ್ತವೆ.

ನಿಜವಾದ ತಾಂತ್ರಿಕ ಕಾರಣ ಯಾವುದು ಎಂಬುದಕ್ಕೆ ಪ್ಲೇಸ್ಟೇಷನ್ 3 ಒಳ್ಳೆಯ ಉದಾಹರಣೆ. 2006ರಲ್ಲಿ ಬಂದ ಆ ಯಂತ್ರದೊಳಗೆ ಸೋನಿ, ತೋಶಿಬಾ ಮತ್ತು ಐಬಿಎಂ ಸೇರಿ ರೂಪಿಸಿದ ಸೆಲ್ ಎಂಬ ಪ್ರೊಸೆಸರ್ ಇತ್ತು. ಅದರ ರಚನೆ ಎಷ್ಟು ವಿಶಿಷ್ಟವಾಗಿತ್ತೆಂದರೆ, 2013ರಲ್ಲಿ ಸೋನಿ ಸಾಮಾನ್ಯ ಕಂಪ್ಯೂಟರುಗಳ ಮಾದರಿಯ ಎಎಂಡಿ ಚಿಪ್ ಇಟ್ಟು ಪ್ಲೇಸ್ಟೇಷನ್ 4 ಹೊರತಂದಾಗ ಹಳೆಯ ಗೇಮುಗಳ ಒಂದು ಸಾಲು ಕೋಡ್ ಕೂಡ ಅದರಲ್ಲಿ ನೇರವಾಗಿ ಓಡುವಂತಿರಲಿಲ್ಲ. ಡಿಸ್ಕ್ ಇದ್ದವರಿಗೂ ಡೌನ್‌ಲೋಡ್ ಮಾಡಿಕೊಂಡವರಿಗೂ ಆದ ನಷ್ಟ ಸಮವೇ. ಪ್ಲೇಸ್ಟೇಷನ್ 4ರಿಂದ 5ಕ್ಕೆ ಬರುವಾಗ ಚಿಪ್ಪಿನ ಜಾತಿ ಬದಲಾಗಲಿಲ್ಲವಾದ್ದರಿಂದ ಬೆರಳೆಣಿಕೆಯ ಕೆಲವನ್ನು ಬಿಟ್ಟು ಎಲ್ಲ ಗೇಮುಗಳೂ ಹೊಸ ಯಂತ್ರದಲ್ಲಿ ನಡೆಯುತ್ತವೆ. ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. 2015ರಿಂದ ಎಕ್ಸ್‌ಬಾಕ್ಸ್ 360ರ ಗೇಮುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಹೊಸ ಯಂತ್ರದೊಳಗೆ ಹಳೆಯ ಯಂತ್ರದ ಅನುಕರಣೆ ಮಾಡುವ ಸಾಫ್ಟ್‌ವೇರ್ ಮೂಲಕ ಅವನ್ನು ಉಳಿಸಿಕೊಟ್ಟಿತು. ಆದರೆ 2021ರ ನವೆಂಬರ್‌ನಲ್ಲಿ ಕೊನೆಯ ಕಂತನ್ನು ಸೇರಿಸಿ, ಇನ್ನು ಮುಂದೆ ಹೊಸ ಸೇರ್ಪಡೆ ಇಲ್ಲವೆಂದು ತಿಳಿಸಿತು. 360ರಲ್ಲಿ ಬಂದ ಗೇಮುಗಳಲ್ಲಿ ಬಹುಪಾಲು ಆ ಪಟ್ಟಿಯ ಹೊರಗೇ ಉಳಿದವು.

ಕನ್ಸೋಲ್ ಮುಟ್ಟದವರಿಗೂ ಇದರ ಅನುಭವ ಆಗಿರಬಹುದು. 2017ರ ಸೆಪ್ಟೆಂಬರ್‌ನಲ್ಲಿ ಆಪಲ್ ಐಒಎಸ್ 11 ಬಿಡುಗಡೆ ಮಾಡಿದಾಗ 32 ಬಿಟ್ ಎಂಬ ಹಳೆಯ ಮಾದರಿಯ ಆ್ಯಪ್‌ಗಳಿಗೆ ಬೆಂಬಲ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡಿದ್ದ ಐಫೋನ್ ಗೇಮುಗಳ ಪೈಕಿ ತಯಾರಕರು ಪರಿಷ್ಕರಿಸದೆ ಬಿಟ್ಟವೆಲ್ಲ ಒಂದೇ ಅಪ್‌ಡೇಟ್‌ನಲ್ಲಿ ನಿಂತುಹೋದವು.

ಈ ಬಗೆಯ ನಷ್ಟವನ್ನು ನಾನು ಕಂಪನಿಯ ಅಪರಾಧವೆಂದು ಕರೆಯಲಾರೆ. ಹೊಸ ಯಂತ್ರವು ಹಳೆಯ ಗೇಮನ್ನು ಆಡಿಸುತ್ತದೆ ಎಂದು ಮೊದಲೇ ಮಾತು ಕೊಟ್ಟಿರದಿದ್ದರೆ ಅದು ಆಡಿಸದಿರುವುದು ಮೋಸವಾಗುವುದಿಲ್ಲ. ಆದರೂ ಭಾರತದ ಗ್ರಾಹಕನಿಗೆ ಇಲ್ಲೊಂದು ಹೆಚ್ಚುವರಿ ಕೊರತೆಯಿದೆ. ಸೋನಿ 2022ರಲ್ಲಿ ತನ್ನ ಪ್ಲೇಸ್ಟೇಷನ್ ಪ್ಲಸ್ ಚಂದಾದಾರಿಕೆಯನ್ನು ಮೂರು ಹಂತಗಳಾಗಿ ವಿಂಗಡಿಸಿದಾಗ, ಪ್ಲೇಸ್ಟೇಷನ್ 3ರ ಗೇಮುಗಳನ್ನು ಇಂಟರ್‌ನೆಟ್ ಮೂಲಕ ಸ್ಟ್ರೀಮ್ ಮಾಡಿ ಆಡುವ ಸೌಲಭ್ಯವನ್ನು ಪ್ರೀಮಿಯಂ ಹಂತದಲ್ಲಿಟ್ಟಿತು. ಭಾರತಕ್ಕೆ ಬಂದದ್ದು ಸ್ಟ್ರೀಮಿಂಗ್ ಇಲ್ಲದ ಡಿಲಕ್ಸ್ ಹಂತ.

ಡಿಸ್ಕ್ ಕೂಡಿಟ್ಟುಕೊಂಡವರ ಪಾಡು ಇನ್ನೊಂದು ರೀತಿಯದು. ಬೆಲೆ ಕಡಿಮೆಯೆಂದು ಪ್ಲೇಸ್ಟೇಷನ್ 5ರ ಡಿಜಿಟಲ್ ಆವೃತ್ತಿಯನ್ನೋ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅನ್ನೋ ತಂದರೆ ಅದರಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಹಳೆಯ ಡಿಸ್ಕ್ ತೋರಿಸಿ ಅದೇ ಗೇಮಿನ ಡಿಜಿಟಲ್ ಪ್ರತಿ ಪಡೆಯುವ ವ್ಯವಸ್ಥೆಯೂ ಇಲ್ಲ. ಉಳಿತಾಯವಾದ ಮೊತ್ತ ಅವೇ ಗೇಮುಗಳನ್ನು ಮತ್ತೆ ಕೊಳ್ಳುವುದಕ್ಕೆ ಹೋಗುತ್ತದೆ. ಪ್ಲೇಸ್ಟೇಷನ್ ಪ್ಲಸ್‌ನಲ್ಲಿ ತಿಂಗಳಿಗೊಮ್ಮೆ ಸಿಗುವ ಗೇಮುಗಳನ್ನು ಸ್ವಂತದ್ದೆಂದು ತಿಳಿದವರೂ ಅನೇಕರಿದ್ದಾರೆ. ಅವು ಚಂದಾ ಇರುವ ತನಕ ಮಾತ್ರ. ಅಲ್ಲಿ ದೂರಲು ಏನೂ ಇಲ್ಲ.

ನಮ್ಮ ಕರಾವಳಿಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಖಾತೆ. ಡಿಜಿಟಲ್ ಗೇಮಿನ ಹಕ್ಕು ಯಂತ್ರಕ್ಕೆ ಅಂಟಿಕೊಂಡಿರುವುದಿಲ್ಲ, ಅದು ಇರುವುದು ಆನ್‌ಲೈನ್ ಖಾತೆಯ ಹೆಸರಿನಲ್ಲಿ. ಹಳೆಯ ಕನ್ಸೋಲಿನಲ್ಲಿ ವರ್ಷಗಟ್ಟಲೆ ಒಮ್ಮೆಯೂ ಪಾಸ್‌ವರ್ಡ್ ಕೇಳದೆ ತೆರೆಯುತ್ತಿದ್ದ ಖಾತೆ, ಹೊಸ ಯಂತ್ರದ ಮುಂದೆ ಮೊದಲ ಬಾರಿಗೆ ಗುರುತು ಕೇಳುತ್ತದೆ. ನನಗೆ ಪರಿಚಯವಿರುವ ಕದ್ರಿಯ ಒಂದು ಮನೆಯ ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಯಜಮಾನರು ಶಾರ್ಜಾದಲ್ಲಿ ಉದ್ಯೋಗದಲ್ಲಿದ್ದಾಗ ಮಗನಿಗಾಗಿ ಖಾತೆ ತೆರೆದಿದ್ದರು. ಗೇಮುಗಳನ್ನೆಲ್ಲ ದಿರ್ಹಮ್ ಕಾರ್ಡುಗಳಿಂದ ಕೊಂಡಿದ್ದರು. ಭದ್ರತೆಗೆಂದು ಅಲ್ಲಿನ ಮೊಬೈಲ್ ನಂಬರು ಕೊಟ್ಟಿದ್ದರು. ಊರಿಗೆ ಮರಳಿದ ಮೇಲೆ ಆ ಸಿಮ್ ರದ್ದಾಯಿತು, ಕಚೇರಿಯ ಇಮೇಲ್ ವಿಳಾಸವೂ ಹೋಯಿತು. ಹಳೆಯ ಕನ್ಸೋಲ್ ನಡೆಯುತ್ತಿದ್ದಷ್ಟು ದಿನ ಇದರ ನೆನಪೇ ಯಾರಿಗೂ ಬರಲಿಲ್ಲ. ಹೊಸದನ್ನು ತಂದು, ಹಳೆಯದನ್ನು ಸೆಕೆಂಡ್ ಹ್ಯಾಂಡ್‌ಗೆ ಮಾರಿ ಆದ ಮೇಲೆ ಒಟಿಪಿ ಎಲ್ಲಿಗೋ ಹೋಗತೊಡಗಿತು. ಸಹಾಯವಾಣಿಯವರು ಖಾತೆ ನಿಮ್ಮದೇ ಎಂಬುದಕ್ಕೆ ಮೊದಲ ಕನ್ಸೋಲಿನ ಸೀರಿಯಲ್ ನಂಬರು ಕೊಡಿ ಎಂದರು. ಆ ನಂಬರು ಇದ್ದದ್ದು ಮಾರಿಹೋದ ಯಂತ್ರದ ಬೆನ್ನಿನ ಚೀಟಿಯಲ್ಲಿ ಮತ್ತು ಎಂದೋ ಗುಜರಿಗೆ ಹಾಕಿದ ರಟ್ಟಿನ ಪೆಟ್ಟಿಗೆಯ ಮೇಲೆ.

ಇಂಥ ಕಡೆ ಕಂಪನಿಯ ವಾದದಲ್ಲೂ ಹುರುಳಿಲ್ಲದಿಲ್ಲ. ಗುರುತು ಖಚಿತಪಡಿಸಿಕೊಳ್ಳದೆ ಖಾತೆಯನ್ನು ಕೇಳಿದವರಿಗೆಲ್ಲ ಒಪ್ಪಿಸಿದರೆ ಕದಿಯುವವರಿಗೆ ಹಬ್ಬ. ಆದರೆ ದೇಶ ಬದಲಿಸುವ ಗ್ರಾಹಕನ ಬಗ್ಗೆ ಈ ವ್ಯವಸ್ಥೆ ಯೋಚಿಸಿಯೇ ಇಲ್ಲ ಎಂಬುದಕ್ಕೆ ಇನ್ನೊಂದು ಪುರಾವೆಯಿದೆ. ಪ್ಲೇಸ್ಟೇಷನ್ ಖಾತೆ ತೆರೆಯುವಾಗ ಆರಿಸಿದ ದೇಶವನ್ನು ಆಮೇಲೆ ಬದಲಿಸುವಂತಿಲ್ಲ. ಯುಎಇಯ ಖಾತೆ ಹಿಡಿದು ಊರಿಗೆ ಬಂದವರು ತಮ್ಮ ಹಳೆಯ ಗೇಮುಗಳನ್ನು ಡೌನ್‌ಲೋಡ್ ಮಾಡಿ ಆಡಬಹುದು, ನಿಜ. ಆದರೆ ಆ ಅಂಗಡಿಯಲ್ಲಿ ಹೊಸದಾಗಿ ಏನನ್ನಾದರೂ ಕೊಳ್ಳಲು ಅಲ್ಲಿನ ಕಾರ್ಡು ಬೇಕು, ಮತ್ತು ಭಾರತದಲ್ಲಿ ಕೊಂಡ ಡಿಸ್ಕಿಗೆ ಅಲ್ಲಿನ ಖಾತೆಯಲ್ಲಿ ಕೊಂಡ ಹೆಚ್ಚುವರಿ ಭಾಗಗಳು ಹೊಂದದೇ ಹೋಗಬಹುದು. ಭಾರತದ ಹೆಸರಿನಲ್ಲಿ ಹೊಸ ಖಾತೆ ತೆರೆದರೆ ಹಳೆಯ ಖರೀದಿಗಳು ಅದಕ್ಕೆ ವರ್ಗವಾಗುವುದಿಲ್ಲ. ಬ್ಯಾಂಕಿನ ಎನ್‌ಆರ್‌ಐ ಖಾತೆಯನ್ನು ಊರಿಗೆ ಮರಳಿದ ಮೇಲೆ ನಿವಾಸಿ ಖಾತೆಯಾಗಿ ಬದಲಿಸಿಕೊಡುವ ವ್ಯವಸ್ಥೆ ದಶಕಗಳಿಂದ ಇದೆ. ಗೇಮ್ ಕಂಪನಿಗಳಿಗೆ ಇದು ಅಸಾಧ್ಯವೆಂದು ನಂಬುವುದು ಕಷ್ಟ. ಎಕ್ಸ್‌ಬಾಕ್ಸ್ ಮತ್ತು ನಿಂಟೆಂಡೊ ಖಾತೆಗಳಲ್ಲಿ ಕೆಲವು ಷರತ್ತುಗಳೊಂದಿಗೆ ದೇಶ ಬದಲಿಸಲು ಅವಕಾಶವಿದೆ ಎಂಬುದನ್ನು ನೋಡಿದರೆ ಇದು ತಂತ್ರಜ್ಞಾನದ ಮಿತಿಯಲ್ಲ, ಕಂಪನಿಯ ತೀರ್ಮಾನ.

ಯಂತ್ರ ಮತ್ತು ಖಾತೆ ಎರಡೂ ಸರಿಯಿದ್ದರೂ ಅಂಗಡಿಯೇ ಬಾಗಿಲು ಹಾಕಬಹುದು. ನಿಂಟೆಂಡೊದ ವೀ ಕನ್ಸೋಲಿನ ಆನ್‌ಲೈನ್ ಅಂಗಡಿ 2019ರ ಜನವರಿ 30ರಂದು ಮುಚ್ಚಿತು; 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ 2023ರ ಮಾರ್ಚ್ 27ಕ್ಕೆ ಮಾರಾಟ ನಿಂತಿತು; ಎಕ್ಸ್‌ಬಾಕ್ಸ್ 360ರ ಅಂಗಡಿಗೆ 2024ರ ಜುಲೈ 29 ಕೊನೆಯ ದಿನವಾಯಿತು. ಪ್ಲೇಸ್ಟೇಷನ್ 3 ಮತ್ತು ವೀಟಾ ಅಂಗಡಿಗಳನ್ನು ಮುಚ್ಚುವುದಾಗಿ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ್ದ ಸೋನಿ, ಆಟಗಾರರ ವಿರೋಧ ಜೋರಾದಾಗ ಮುಂದಿನ ತಿಂಗಳೇ ತೀರ್ಮಾನ ಹಿಂತೆಗೆದುಕೊಂಡಿತು. ಸಾಮಾನ್ಯವಾಗಿ ಮಾರಾಟ ನಿಂತ ಮೇಲೂ ಹಿಂದೆ ಕೊಂಡದ್ದನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಲು ಸ್ವಲ್ಪ ಕಾಲ ಬಿಡುತ್ತಾರೆ, ಆದರೆ ಎಷ್ಟು ಕಾಲವೆಂದು ಯಾರೂ ಬರೆದು ಕೊಡುವುದಿಲ್ಲ. ಪಿ.ಟಿ. ಎಂಬ ಉಚಿತ ಭಯಾನಕ ಗೇಮನ್ನು 2015ರಲ್ಲಿ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದಾಗ, ಹಿಂದೆ ಡೌನ್‌ಲೋಡ್ ಮಾಡಿದ್ದವರಿಗೂ ಅದು ಮತ್ತೆ ಸಿಗಲಿಲ್ಲ; ಆ ಗೇಮ್ ಉಳಿದಿರುವ ಹಳೆಯ ಪ್ಲೇಸ್ಟೇಷನ್ 4 ಯಂತ್ರಗಳನ್ನು ಜನ ಹೆಚ್ಚಿನ ಬೆಲೆಗೆ ಮಾರಾಟಕ್ಕಿಟ್ಟಿದ್ದು ಇದರಿಂದಲೇ.

ಹಾಗಾದರೆ ಹಳೆಯ ಕನ್ಸೋಲನ್ನೇ ಜೋಪಾನವಾಗಿ ಇಟ್ಟುಕೊಳ್ಳಿ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಈ ಸಲಹೆ ಕೊಡುವವರು ಮಂಗಳೂರಿನಲ್ಲಿ ಒಂದು ಮಳೆಗಾಲ ಕಳೆದವರಾಗಿರಲಾರರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರಿನಲ್ಲಿ, ಉಪ್ಪಿನಂಶದ ಗಾಳಿಗೆ ಎಚ್‌ಡಿಎಂಐ ಕಿಂಡಿಯ ತಂತಿಗಳು ಕಿಲುಬು ಕಟ್ಟುವ ಕಡಲತಡಿಯಲ್ಲಿ, ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಬೇಕಾದ ಏಪ್ರಿಲ್ ಸಂಜೆಗಳಲ್ಲಿ, ಎಲೆಕ್ಟ್ರಾನಿಕ್ ಯಂತ್ರವೊಂದು ಇಪ್ಪತ್ತು ವರ್ಷ ಬಾಳುವುದೆಂದು ನಂಬಿಕೊಂಡು ಕೂರುವಂತಿಲ್ಲ. ಯಂತ್ರ ಬಾಳಿದರೂ ಅದರೊಳಗಿನ ಚಿಕ್ಕ ಬ್ಯಾಟರಿ ಬಾಳಬೇಕು. ಪ್ಲೇಸ್ಟೇಷನ್ 4ರಲ್ಲಿ ಗಡಿಯಾರ ನಡೆಸುವ ಒಂದು ನಾಣ್ಯಗಾತ್ರದ ಬ್ಯಾಟರಿಯಿದೆ, ಕ್ಯಾಲ್ಕುಲೇಟರ್‌, ತೂಕದ ಯಂತ್ರಗಳಲ್ಲಿ ಕಾಣುವಂಥದ್ದು. ಅದು ಸತ್ತು, ಜೊತೆಗೆ ಕಂಪನಿಯ ಸರ್ವರ್ ಕೂಡ ಸಿಗದಿದ್ದರೆ ಗೇಮ್ ತೆರೆಯುವುದೇ ಇಲ್ಲ ಎಂಬುದನ್ನು ಆಸಕ್ತರು ಪರೀಕ್ಷಿಸಿ ತೋರಿಸಿದರು. 2021ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ಸೋನಿ ಸದ್ದಿಲ್ಲದೆ ಅದನ್ನು ಸರಿಪಡಿಸಿತು. ಸರಿಪಡಿಸಿದ್ದು ಒಳ್ಳೆಯದೇ ಆಯಿತು, ಆದರೆ ಯಾರೂ ಗಮನಿಸದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎಲ್ಲಕ್ಕಿಂತ ಕಟುವಾದ ಉದಾಹರಣೆ ಯುಬಿಸಾಫ್ಟ್‌ನ ‘ದಿ ಕ್ರೂ’. 2014ರಲ್ಲಿ ಬಂದ ಈ ಕಾರ್ ರೇಸಿಂಗ್ ಗೇಮಿನ ಮಾರಾಟವನ್ನು 2023ರ ಡಿಸೆಂಬರ್‌ನಲ್ಲಿ ನಿಲ್ಲಿಸಿ, 2024ರ ಮಾರ್ಚ್ 31ರಂದು ಸರ್ವರ್ ಬಂದ್ ಮಾಡಲಾಯಿತು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಸಂಪರ್ಕ ಕಡ್ಡಾಯವಾಗಿದ್ದುದರಿಂದ ಡಿಸ್ಕ್ ಕೈಯಲ್ಲಿದ್ದವರಿಗೂ ಅದು ಕೆಲಸಕ್ಕೆ ಬಾರದ ತಟ್ಟೆಯಾಯಿತು. ಮುಂದಿನ ತಿಂಗಳು ಕೆಲವರ ಖಾತೆಗಳಿಂದ ಗೇಮಿನ ಲೈಸೆನ್ಸನ್ನೂ ಹಿಂದಕ್ಕೆ ಪಡೆಯಲಾಯಿತು. ಡಿಸ್ಕ್ ಇದ್ದರೆ ಚಿಂತೆಯಿಲ್ಲ ಎಂಬ ಸಮಾಧಾನಕ್ಕೂ ಹೀಗೆ ತೆರೆ ಬಿತ್ತು.

ಇದಕ್ಕೆಲ್ಲ ಕಂಪನಿಗಳು ತೋರಿಸುವ ಆಧಾರ ನಾವು ಓದದೆ ಒಪ್ಪಿಗೆ ಒತ್ತುವ ಒಪ್ಪಂದ: ಗೇಮನ್ನು ಮಾರಿಲ್ಲ, ಬಳಸಲು ಪರವಾನಗಿ ಮಾತ್ರ ಕೊಟ್ಟಿದ್ದೇವೆ ಎಂಬುದು ಅದರ ಸಾರ. ಭೂಸುಧಾರಣೆಗೆ ಹಿಂದಿನ ದಕ್ಷಿಣ ಕನ್ನಡದ ಬೇಸಾಯ ಕಂಡವರಿಗೆ ಇಂಥ ವ್ಯವಸ್ಥೆಯ ಬಗೆಗಳು ಗೊತ್ತು. ಮೂಲಗೇಣಿಯವನ ಹಕ್ಕು ಶಾಶ್ವತ. ವಾಯಿದೆಗೇಣಿಗೆ ಅವಧಿ ಬರೆದಿರುತ್ತಿತ್ತು. ಚಾಲಗೇಣಿಯವನು ಧಣಿ ಏಳು ಎಂದಾಗ ಏಳಬೇಕು. ಇಂದಿನ ಡಿಜಿಟಲ್ ಗೇಮಿನಲ್ಲಿ ಗ್ರಾಹಕ ಕೊಡುವುದು ಜಾಗದ ಪೂರ್ತಿ ಕ್ರಯ, ಪಡೆಯುವುದು ಚಾಲಗೇಣಿ. ಎಲ್ಲ ಗೇಮನ್ನೂ ಶಾಶ್ವತವಾಗಿ ಉಳಿಸಿ ಎಂದು ಕೇಳುವುದು ಅತಿಯಾದೀತು. ಕಾರಿನ ಮಾದರಿ, ಹಿನ್ನೆಲೆ ಹಾಡುಗಳ ಹಕ್ಕು ಮುಗಿದಾಗ ಮಾರಾಟ ನಿಲ್ಲಿಸಲೇಬೇಕಾಗುತ್ತದೆ, ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್‌ನಲ್ಲಿ ಅಂಗಡಿಯಿಂದ ಹೋದದ್ದು ಹಾಗೆ. ಆದರೆ ಆ ಗೇಮನ್ನು ಮೊದಲೇ ಕೊಂಡವರು ಈಗಲೂ ಇಳಿಸಿಕೊಂಡು ಆಡಬಹುದು. ಹೊಸ ಗಿರಾಕಿಗೆ ಮಾರದಿರುವುದು ಬೇರೆ, ಹಳೆಯ ಗಿರಾಕಿಯಿಂದ ಕಸಿದುಕೊಳ್ಳುವುದು ಬೇರೆ. ಕನಿಷ್ಠ ಎಷ್ಟು ವರ್ಷ ಡೌನ್‌ಲೋಡ್ ಮತ್ತು ಸರ್ವರ್ ಇರುತ್ತದೆ ಎಂದು ಮಾರುವಾಗಲೇ ಬರೆಯಲಿ, ಅದಕ್ಕೂ ಮುಂಚೆ ನಿಲ್ಲಿಸಿದರೆ ಹಣ ಮರಳಿಸಲಿ ಎಂಬಷ್ಟಕ್ಕೆ ಕಂಪನಿಗಳು ಇಲ್ಲವೆನ್ನಲು ನ್ಯಾಯವಾದ ಕಾರಣ ನನಗಂತೂ ಕಾಣುವುದಿಲ್ಲ. ಮನಸ್ಸು ಮಾಡಿದರೆ ಅವುಗಳಿಗೆ ಇದು ಸಾಧ್ಯ. ಇಂಟರ್‌ನೆಟ್ ಮೂಲಕ ಗೇಮ್ ಆಡಿಸುತ್ತಿದ್ದ ತನ್ನ ಸ್ಟೇಡಿಯಾ ಸೇವೆಯನ್ನು ಗೂಗಲ್ 2023ರ ಜನವರಿಯಲ್ಲಿ ಮುಚ್ಚುವಾಗ ತನ್ನ ಅಂಗಡಿಯಲ್ಲಿ ಜನ ಕೊಂಡಿದ್ದ ಗೇಮುಗಳ ಹಣವನ್ನು ಹಿಂದಿರುಗಿಸಿತು. ಸೋನಿ 2024ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿ ಎರಡೇ ವಾರಗಳಲ್ಲಿ ಹಿಂತೆಗೆದುಕೊಂಡ ‘ಕಾನ್‌ಕಾರ್ಡ್’ ಗೇಮಿಗೂ ಹಾಗೆಯೇ ಮಾಡಿತು.

ಹೊರದೇಶಗಳಲ್ಲಿ ಕಾನೂನು ನಿಧಾನವಾಗಿ ಚಲಿಸುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನು ‘ಖರೀದಿಸಿ’ ಎಂದು ಮಾರುವಂತಿಲ್ಲ. ‘ದಿ ಕ್ರೂ’ ಪ್ರಕರಣದ ಬೆನ್ನಿಗೆ 2024ರಲ್ಲಿ ಯೂಟ್ಯೂಬರ್ ರಾಸ್ ಸ್ಕಾಟ್ ಆರಂಭಿಸಿದ, ಮಾರಿದ ಗೇಮುಗಳನ್ನು ಹೀಗೆ ನಿಲ್ಲಿಸಬಾರದೆಂದು ಒತ್ತಾಯಿಸುವ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಯುರೋಪಿನ ಮನವಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದ ಕಾನೂನು ನನಗೆ ಅರೆಮನಸ್ಸಿನದೆಂದು ತೋರುತ್ತದೆ. ಎಚ್ಚರಿಕೆ ಬರೆದುಬಿಟ್ಟರೆ ಕಸಿದುಕೊಳ್ಳಲು ಅನುಮತಿ ಸಿಕ್ಕಂತಾಗುತ್ತದೆ.

ಭಾರತದಲ್ಲಿ ಇದಕ್ಕೆಂದೇ ಬೇರೆ ಕಾನೂನು ಇಲ್ಲ, ಆದರೆ ಇರುವ ಕಾನೂನು ಜನ ತಿಳಿದಿರುವುದಕ್ಕಿಂತ ಗಟ್ಟಿಯಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಇ-ಕಾಮರ್ಸ್‌ನ ವ್ಯಾಖ್ಯೆಯಲ್ಲಿಯೇ ಡಿಜಿಟಲ್ ಉತ್ಪನ್ನಗಳನ್ನು ಸೇರಿಸಿದೆ. 2020ರ ಇ-ಕಾಮರ್ಸ್ ನಿಯಮಗಳು ಇಲ್ಲಿ ಕಚೇರಿ ಇಲ್ಲದಿದ್ದರೂ ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಸಕಾರಣವಿಲ್ಲದೆ ಒಪ್ಪಂದವನ್ನು ಏಕಪಕ್ಷೀಯವಾಗಿ ಕೊನೆಗೊಳಿಸುವ ಅಧಿಕಾರ ಕೊಡುವ ಷರತ್ತು ಅನ್ಯಾಯದ ಒಪ್ಪಂದದ ಲಕ್ಷಣಗಳಲ್ಲಿ ಒಂದೆಂದು ಕಾಯ್ದೆಯ 2(46)ನೇ ಕಲಂ ಹೇಳುತ್ತದೆ. ವ್ಯಾಜ್ಯವಿದ್ದರೆ ಮಧ್ಯಸ್ಥಿಕೆಗೇ ಹೋಗಬೇಕೆಂದು ಒಪ್ಪಂದದಲ್ಲಿ ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಗ್ರಾಹಕನು ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ.

ಇದರಲ್ಲೊಂದು ಎಡವಟ್ಟೂ ಇದೆ. ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಎಂಬ ದೂರುಗಳನ್ನು ಮಂಗಳೂರಿನ ಅಥವಾ ಉಡುಪಿಯ ಜಿಲ್ಲಾ ಆಯೋಗ ವಿಚಾರಿಸಬಹುದು, ಆದರೆ ಒಪ್ಪಂದವೇ ಅನ್ಯಾಯದ್ದು ಎಂಬ ದೂರನ್ನು ಆಲಿಸುವ ಅಧಿಕಾರ ಕಾಯ್ದೆಯಂತೆ ಇರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. ಐದು ಸಾವಿರದ ಗೇಮಿಗಾಗಿ ಬೆಂಗಳೂರಿನ ಆಯೋಗಕ್ಕೆ ಯಾರು ಹೋಗುತ್ತಾರೆ? ಒಬ್ಬೊಬ್ಬರ ನಷ್ಟ ಚಿಕ್ಕದು, ಒಟ್ಟು ನಷ್ಟ ದೊಡ್ಡದು ಎಂಬ ಇಂಥ ಪ್ರಕರಣಗಳಲ್ಲಿ ಸಂಘಟನೆಯೊಂದು ಎಲ್ಲರ ಪರವಾಗಿ ನಿಲ್ಲಬೇಕಾಗುತ್ತದೆ, ಕಾಯ್ದೆ ಅದಕ್ಕೆ ಅವಕಾಶವನ್ನೂ ಕೊಟ್ಟಿದೆ. ಡಾ. ರವೀಂದ್ರನಾಥ ಶಾನುಭಾಗರ ಮುಂದಾಳತ್ವದಲ್ಲಿ ಬಸ್ರೂರಿನ ಬಳಕೆದಾರರ ವೇದಿಕೆ ದಶಕಗಳ ಹಿಂದೆಯೇ ಗ್ರಾಹಕರ ಪರ ಹೋರಾಟ ಕಟ್ಟಿದ ಪ್ರದೇಶವಿದು. ಅಂಥ ವೇದಿಕೆಗಳ ಮೇಜಿನ ಮೇಲೆ ಡಿಜಿಟಲ್ ಖರೀದಿಯ ವಿಷಯ ಬಾರದಿರುವುದಕ್ಕೆ, ಗೇಮ್ ಎಂದರೆ ಮಕ್ಕಳ ಹುಡುಗಾಟ ಎಂಬ ಹಿರಿಯರ ತಾತ್ಸಾರವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಇದೇ ಬಗೆಯ ಪರವಾನಗಿಯ ಮೇಲೆ ಹಿರಿಯರು ಕೊಳ್ಳುವ ಇ-ಪುಸ್ತಕ, ಸಿನಿಮಾಗಳೂ ನಿಂತಿವೆ.

ಅಲ್ಲಿಯವರೆಗೆ, ಕನ್ಸೋಲ್ ಬದಲಿಸುವವರು ಹಳೆಯದನ್ನು ಕೈಬಿಡುವ ಮೊದಲು ಖಾತೆಯ ಮೊಬೈಲ್ ನಂಬರು ಮತ್ತು ಇಮೇಲನ್ನು ಈಗ ಬಳಕೆಯಲ್ಲಿರುವುದಕ್ಕೆ ಬದಲಿಸಿಕೊಂಡು, ಒಟಿಪಿ ಬಾರದಿದ್ದಾಗ ಬಳಸುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದಿಟ್ಟು, ಯಂತ್ರದ ಸೀರಿಯಲ್ ನಂಬರಿನ ಫೋಟೊ ತೆಗೆದಿಡಬೇಕು. ಗೇಮಿನಲ್ಲಿ ತಲುಪಿದ ಹಂತದ ಸೇವ್ ಫೈಲುಗಳು ಯಾವಾಗಲೂ ತಾವಾಗಿ ಹೊಸ ಯಂತ್ರಕ್ಕೆ ಬರುತ್ತವೆಂದಲ್ಲ, ಬಾರದಿದ್ದರೆ ಎರಡೂ ಯಂತ್ರಗಳು ಮನೆಯಲ್ಲಿರುವಾಗಲೇ ವರ್ಗಾಯಿಸಿಕೊಳ್ಳಬೇಕು. ಬೀಗದ ಗುರುತು ಕಂಡರೆ ಗಾಬರಿಯಾಗುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಲೈಸೆನ್ಸ್ ಮರುಸ್ಥಾಪಿಸುವ ಆಯ್ಕೆಯನ್ನು ಒತ್ತಿ ನೋಡಬೇಕು. ಎಷ್ಟೋ ಸಲ ಅಷ್ಟಕ್ಕೇ ಗೇಮ್ ತೆರೆದುಕೊಳ್ಳುತ್ತದೆ. ಆಗಲೂ ತೆರೆಯದಿದ್ದರೆ ಪರದೆಯ ಮೇಲಿನ ಸಂದೇಶದ ಫೋಟೊ, ಖರೀದಿಯ ಇಮೇಲ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟನ್ನು ಒಂದೆಡೆ ಸೇರಿಸಿಕೊಂಡು ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ. ಆಯೋಗಕ್ಕೆ ಹೋಗುವುದಾದರೆ ಗೇಮ್ ಕೈತಪ್ಪಿದ ದಿನದಿಂದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು.